ದ್ವಾರಕಾನಾಥರಿಗೆ ಮಹಾನಂದಾ ಬರೆದ ಪ್ಲಾನು

ಒಳಗೆ ಹೋಗಲು ಟಿಕೆಟ್ಟಿಗೊಂದು ದುಡ್ಡು. ಒಳಗೆ ಹೋದ ಮೇಲೆ ಯಾವ ಆಟ ಮೊದಲು, ಯಾವುದು ಆಮೇಲೆ ಎಂದು ಹೇಳುವವರಿಗೆ ಇನ್ನೊಂದು ದುಡ್ಡು. ಈ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಸಿದ್ದಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡು ನಕ್ಕಿದ್ದಳು.

“ಸಂತ್ಯಾಗ ತಿರಗಾಕೂ ದಾರಿ ಕೇಳಿ ರೊಕ್ಕ ಕೊಡ್ತಾರೇನವಾ ಈ ಬೆಂಗಳೂರ ಮಂದಿ? ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಂತ!”

“ಆಟಕ್ಕ ಕೊಡಂಗಿಲ್ಲಕ್ಕ, ನಿಲ್ಲದ ಇರೂದಕ್ಕ ಕೊಡ್ತಾರ,” ಎಂದಿದ್ದಳು ಮಹಾನಂದಾ.

ಮಾತು ಸುಳ್ಳಲ್ಲ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಆಟದ ಪಾರ್ಕಿಗೆ ಭಾನುವಾರ ನಾಲ್ಕೈದು ಸಾವಿರ ಜನ ನುಗ್ಗುತ್ತಾರೆ. ನುಗ್ಗಿದವರೆಲ್ಲ ಕಣ್ಣಿಗೆ ಮೊದಲು ಬಿದ್ದ ಬಲಗಡೆಯ ಅಲೆಗಳ ಕೊಳಕ್ಕೆ ಓಡುತ್ತಾರೆ. ಅಲ್ಲಿಂದ ಹಿಂಡಿಗೆ ಹಿಂಡೇ ಪಕ್ಕದ ಆಟಕ್ಕೆ ಹೊರಳುತ್ತದೆ. ಸಂಜೆ ಮನೆ ಕಡೆ ಹೊರಟಾಗ ಆಡಿದ್ದು ಐದು ಆಟ, ಸಾಲಿನಲ್ಲಿ ನಿಂತದ್ದು ಐದು ತಾಸು. ಮಹಾನಂದಾ ಬರೆದು ಕಳಿಸಿದ ಪ್ಲಾನು ಹಿಡಿದು ಬಂದವರು ಹೊಕ್ಕ ಕೂಡಲೇ ಎಡಕ್ಕೆ ತಿರುಗುತ್ತಾರೆ, ಹನ್ನೆರಡಕ್ಕೇ ಊಟ ಮುಗಿಸುತ್ತಾರೆ, ಹನ್ನೊಂದು ಆಟ ಆಡಿ ನಗುತ್ತ ಮನೆಗೆ ಹೋಗುತ್ತಾರೆ. ಅದಕ್ಕೆ ಮುನ್ನೂರು ರೂಪಾಯಿ ಕೊಡುವುದು ದಂಡವೋ ಲಾಭವೋ ಎಂದು ವಾದ ಮಾಡುವವರು ಮಾಡಿಕೊಳ್ಳಲಿ. ಅಳುವ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಲಲ್ಲಿ ಒಂದು ತಾಸು ನಿಂತವರ್ಯಾರೂ ಆ ವಾದಕ್ಕೆ ಬರುವುದಿಲ್ಲ.

ಈ ವಿದ್ಯೆಯನ್ನು ಅವಳು ಪಾರ್ಕಿನಲ್ಲಿ ಕಲಿತದ್ದಲ್ಲ, ಪೀಣ್ಯದಲ್ಲಿ ಕಲಿತದ್ದು. ಸಿಂದಗಿ ಕಡೆಯ ಹಳ್ಳಿಯಿಂದ ಗಂಡ ಬಸಲಿಂಗನ ಹಿಂದೆ ಬೆಂಗಳೂರಿಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಬಸಲಿಂಗ ಸಾರೋಟಿನ ಕುದುರೆಯಂತೆ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಕಾಂಕ್ರೀಟ್ ಕೆಲಸಕ್ಕೆ ತಿರುಗುವವನು. ಇಂದು ಬೇಗೂರು, ನಾಳೆ ಬೆಳ್ಳಂದೂರು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ನಾಗಸಂದ್ರದ ಹಿಂದಿನ ಗಲ್ಲಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತು ಏನು ಮಾಡುವುದು? ಪಕ್ಕದ ಕೋಣೆಯ ಸಿದ್ದಕ್ಕ ಗಾರ್ಮೆಂಟ್ಸಿಗೆ ಕರೆದುಕೊಂಡು ಹೋಗಿ ಸೇರಿಸಿದಳು. ಅಲ್ಲಿ ಮಹಾನಂದಾ ಏಳು ವರ್ಷ ಅಂಗಿಯ ಕಾಲರ್ ಹೊಲಿದಳು.

ಗಾರ್ಮೆಂಟ್ಸಿನಲ್ಲಿ ಹೆಸರು ಎನ್ನುವುದು ಗೇಟಿನ ಹಾಜರಿಗಷ್ಟೆ. ಒಳಗೆ ಯಾರು ಏನು ಹೊಲಿಯುತ್ತಾರೋ ಅದೇ ಅವರ ಹೆಸರು. ಏಯ್ ಕಫ್, ಏಯ್ ಪಾಕೆಟ್, ಏಯ್ ಬಟನ್. ಮಹಾನಂದಾ ಮೂರನೇ ಲೈನಿನ ಕಾಲರ್. ಒಂದು ಲೈನಿನಲ್ಲಿ ಅರವತ್ತು ಹೆಂಗಸರು; ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಬಟ್ಟೆಯ ಬಂಡಲು ಹರಿಯುತ್ತಿರಬೇಕು. ಎಲ್ಲಿ ಬಂಡಲು ಗುಡ್ಡೆ ಬೀಳುತ್ತದೋ ಅಲ್ಲಿ ಲೈನು ಸಾಯುತ್ತದೆ. ಕಾಲರ್ ನಾಜೂಕಿನ ಕೆಲಸ, ಗುಡ್ಡೆ ಬೀಳುವುದು ಯಾವಾಗಲೂ ಅವಳ ಮುಂದೆಯೇ. ಹಾಗಾಗಿ ಯಾವ ಗುಡ್ಡೆ ಎಷ್ಟು ಹೊತ್ತಿಗೆ ಬೆಳೆಯುತ್ತದೆ, ಎಷ್ಟು ಹೊತ್ತಿಗೆ ಕರಗುತ್ತದೆ ಎನ್ನುವುದು ಅವಳ ರಕ್ತಕ್ಕೇ ಇಳಿದುಹೋಗಿತ್ತು. ಗಾರ್ಮೆಂಟ್ಸ್ ಬಿಟ್ಟು ಪಾರ್ಕಿನ ಗೇಟು ಕಾಯುವ ಕೆಲಸಕ್ಕೆ ಸೇರಿದಾಗ, ಬಂಡಲಿನ ಜಾಗದಲ್ಲಿ ಜನ ಇದ್ದರು ಅಷ್ಟೆ.

ಅಲ್ಲಿ ಅವಳ ಪಾಲಿಗೆ ಬಂದದ್ದು ಬಾನಗಂಬ. ಹದಿನಾರು ಜನರನ್ನು ಕುರ್ಚಿಗೆ ಕಟ್ಟಿ, ಹನ್ನೆರಡು ಮಹಡಿಯ ಎತ್ತರಕ್ಕೆ ಒಯ್ದು, ಒಮ್ಮೆಲೆ ಕೈಬಿಡುವ ಕಂಬ. ಒಂದು ದಿನ ಸಾಲಿನಲ್ಲಿ ಬೇಸತ್ತ ಒಬ್ಬ ತಾಯಿಗೆ, “ಅಕ್ಕಾ, ಈಗ ಹೋಗಿ ಮೂರೂ ಮುಕ್ಕಾಲಿಗೆ ಬರ್ರಿ, ಇಲ್ಲಿ ನೊಣಾನೂ ಇರಂಗಿಲ್ಲ,” ಎಂದಳು. ಆಕೆ ಹಾಗೇ ಮಾಡಿದಳು, ನಂಬರು ಇಸಿದುಕೊಂಡು ಹೋದಳು, ತನ್ನ ಅಪಾರ್ಟ್‌ಮೆಂಟಿನಲ್ಲೆಲ್ಲ ಹೇಳಿದಳು. ಅಲ್ಲಿಂದ ಶುರುವಾದದ್ದು ಈ ಪ್ಲಾನಿನ ಕಸುಬು. ಈಗ ವಾರಕ್ಕೆ ಮೂರೋ ನಾಲ್ಕೋ ಬರುತ್ತವೆ. ಎಲ್ಲರಿಗೂ ಒಂದೇ ಪ್ಲಾನು ಕೊಡುವವಳಲ್ಲ ಅವಳು. ಎಷ್ಟು ಜನ, ಯಾರ ವಯಸ್ಸೆಷ್ಟು, ಯಾರಿಗೆ ಎತ್ತರದ ಭಯ, ಯಾರಿಗೆ ಮಂಡಿ ನೋವು, ಬಿಪಿ ಇದೆಯೋ ಶುಗರ್ ಇದೆಯೋ, ಎಲ್ಲ ಕೇಳುತ್ತಾಳೆ. ಮುಸುರೆ ತೊಳೆದಾದ ಮೇಲೆ ಮೊಬೈಲ್ ಹಿಡಿದು ಕೂತು, ಒಂದೊಂದು ಮನೆಗೂ ಅಳತೆ ತೆಗೆದು ಹೊಲಿದಂತೆ ದಿನವನ್ನು ಹೊಲಿದು ಕೊಡುತ್ತಾಳೆ. ಇದುವರೆಗೆ ಒಬ್ಬರೂ ಕೆಟ್ಟದಾಯಿತು ಎಂದಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅವಳು ಎದೆ ಮುಟ್ಟಿಕೊಂಡು ನನ್ನದು ಎನ್ನಬಹುದಾದದ್ದು ಇದೊಂದೇ.

ಏಪ್ರಿಲ್ ಮೊದಲ ವಾರ ರಂಜನಿ ಎನ್ನುವವರಿಂದ ಮೆಸೇಜು ಬಂತು.

“ನಾವು ಮೂರು ಜನ. ನಾನು, ನಮ್ಮನೆಯವರು, ಮಗಳಿಗೆ ಹನ್ನೊಂದು ವರ್ಷ. ನಮ್ಮನೆಯವರಿಗೆ ಶುಗರ್ ಇದೆ, ಮುಕ್ಕಾಲು ಗಂಟೆಗೊಂದ್ಸಲ ಬಾತ್‌ರೂಮಿಗೆ ಹೋಗ್ಲೇಬೇಕು. ಅದಕ್ಕೇ ಹೊರಗಡೆ ಎಲ್ಲೂ ಬರಲ್ಲ ಅಂತಾರೆ. ಟಾಯ್ಲೆಟ್ ಹತ್ತಿರ ಇರೋ ಹಾಗೆ ನೋಡಿ ಪ್ಲಾನ್ ಮಾಡಿಕೊಡ್ತೀರಾ ಮೇಡಂ? ಪ್ಲೀಸ್, ಇದೊಂದಕ್ಕೋಸ್ಕರಾನೇ ದುಡ್ಡು ಕೊಡ್ತಿರೋದು.”

ಹೆಸರಿನ ಪಕ್ಕ ಪುಟ್ಟ ಫೋಟೋ ಇತ್ತು. ಮಹಾನಂದಾ ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತ ಗಂಡಸಿನ ಮೀಸೆ ನರೆತಿತ್ತು, ಹೊಟ್ಟೆ ಬಂದಿತ್ತು. ಆದರೂ ಆ ಮುಖವನ್ನು ಅವಳು ಕತ್ತಲಲ್ಲಿ ತಡವಿ ಹೇಳಬಲ್ಲಳು. ಗಾರ್ಮೆಂಟ್ಸಿನ ಪ್ರೊಡಕ್ಷನ್ ಮ್ಯಾನೇಜರ್ ದ್ವಾರಕಾನಾಥ.

ಎಂಟು ವರ್ಷದ ಹಿಂದಿನ ಮಾತು. ಅರವತ್ತು ಹೆಂಗಸರ ಲೈನಿಗೆ ಎರಡೇ ಎರಡು ಟೋಕನ್ನು. ಬಾತ್‌ರೂಮಿಗೆ ಹೋಗುವವಳು ದ್ವಾರಕಾನಾಥರ ಮೇಜಿನಿಂದ ಟೋಕನ್ ತೆಗೆದುಕೊಂಡು ಹೋಗಬೇಕು, ಮೂರು ನಿಮಿಷದಲ್ಲಿ ತಂದಿಡಬೇಕು. ಹೋದವಳು ತಡ ಮಾಡಿದರೆ ಉಳಿದವರು ಕಾಲು ಹೊಸೆಯುತ್ತ ಕೂತಿರಬೇಕು. ಅದಕ್ಕೇ ಎಷ್ಟೋ ಹೆಂಗಸರು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಆ ದಿನ ಮಾಲು ಹಡಗಿಗೆ ಹೋಗಬೇಕಿತ್ತು. ಮಹಾನಂದಾಗೆ ಎರಡು ದಿನದಿಂದ ಉರಿಮೂತ್ರ, ಡಾಕ್ಟರು ನೀರು ಕುಡಿ ಎಂದಿದ್ದರು, ಕುಡಿದಿದ್ದಳು. ಹನ್ನೊಂದಕ್ಕೆ ಹೋಗಿ ಟೋಕನ್ ಕೇಳಿದಳು. ಟೋಕನ್ ಮೇಜಿನ ಮೇಲೇ ಇತ್ತು.

“ಮುಂದೆ ಗುಡ್ಡೆ ಬಿದ್ದಿದೆ, ಕಾಣಲ್ವಾ? ಕ್ಲಿಯರ್ ಮಾಡಿ ಹೋಗು.”

ಹನ್ನೊಂದೂವರೆಗೆ ಕೇಳಿದಳು. ಅವರು ತಲೆಯನ್ನೂ ಎತ್ತಲಿಲ್ಲ. ಹನ್ನೆರಡಕ್ಕೆ ಮತ್ತೆ ಎದ್ದಳು.

“ಏಯ್ ಕಾಲರ್, ಕೂತ್ಕೊ! ಮೂರು ನಿಮಿಷ ತಡ್ಕೊಳಕ್ಕಾಗಲ್ವಾ ನಿಂಗೆ?”

ಅವಳು ಕೂತಳು. ಹನ್ನೆರಡೂ ಹತ್ತಕ್ಕೆ, ಕೈಯಲ್ಲಿ ಕಾಲರ್ ಹಿಡಿದಿದ್ದಂತೆಯೇ, ಕೂತ ಸ್ಟೂಲಿನ ಮೇಲೆಯೇ ಆಗಿಹೋಯಿತು. ಸೀರೆಯಿಂದ ಇಳಿದು, ಸ್ಟೂಲಿನ ಕಾಲಿನಗುಂಟ ಹರಿದು, ಹಿಂದಿನ ಮಿಷನ್ನಿನ ತನಕ ಹೋಯಿತು. ಮಿಷನ್ನುಗಳೆಲ್ಲ ನಿಂತವು. ಕೆಲವರು ನಕ್ಕರು, ಪಾಪ, ನಗದೆ ಅವರಿಗೂ ಬೇರೆ ದಾರಿ ಇರಲಿಲ್ಲ. ದ್ವಾರಕಾನಾಥರು ಓಡಿ ಬಂದರು. ಅವಳನ್ನು ನೋಡಲಿಲ್ಲ. ಕೆಳಗಿನ ಬಂಡಲು ನೋಡಿದರು.

“ಪೀಸಿಗೆ ಕಲೆ ಆಗಿದ್ಯಾ ನೋಡ್ರೋ ಮೊದ್ಲು!”

ಸಿದ್ದಕ್ಕ ಕಫ್ ಹೊಲಿಯುತ್ತಿದ್ದವಳು ಎದ್ದು ಬಂದು, ತನ್ನ ತಲೆಯ ಬಟ್ಟೆ ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿ, ಅರವತ್ತು ಜೊತೆ ಕಣ್ಣಿನ ನಡುವೆ ಹೊರಗೆ ನಡೆಸಿಕೊಂಡು ಹೋದಳು. ಮರುದಿನದಿಂದ ಮಹಾನಂದಾ ಆ ಗೇಟು ತುಳಿಯಲಿಲ್ಲ. ಬಸಲಿಂಗನಿಗೂ ಕಾರಣ ಹೇಳಲಿಲ್ಲ. ಹೇಳಲು ಬಾಯಿಯಾದರೂ ಎಲ್ಲಿಂದ ಬರಬೇಕು? ಆ ಮ್ಯಾನೇಜರಿಗೆ ಅದು ಏನೆಂದು ಒಮ್ಮೆ, ಒಂದೇ ಒಂದು ಸಲ ಗೊತ್ತಾಗಲಿ, ಎಲ್ಲರ ಮುಂದೆ ಗೊತ್ತಾಗಲಿ. ಎಂಟು ವರ್ಷದಿಂದ ಅವಳು ದೇವರ ಮುಂದೆ ಕೈಮುಗಿದಾಗೆಲ್ಲ ಕೇಳಿಕೊಂಡದ್ದು ಇಷ್ಟೇ. ಈಗ ದೇವರು ಫೋಟೋ ಸಮೇತ ಕಳಿಸಿದ್ದ.

ಮೊಬೈಲನ್ನು ಸಿದ್ದಕ್ಕನ ಮುಂದೆ ಹಿಡಿದಳು. ಸಿದ್ದಕ್ಕ ನೋಡಿದಳು, ಮೆಸೇಜು ಓದಿಸಿಕೊಂಡಳು.

“ಅವಂಗ ಹುಳಾ ಬೀಳ್ಲಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಆ ಹೆಣಮಗಳು ನಿನ್ನ ನಂಬಿ ಕೇಳ್ಯಾಳ. ಕಸಬಿಗೆ ದ್ರೋಹ ಮಾಡಬ್ಯಾಡ ತಂಗಿ.”

“ಆಕಿ ರೊಕ್ಕ ನಾ ಮುಟ್ಟಂಗಿಲ್ಲಕ್ಕ. ಸೇಡಿಗೆ ಕೂಲಿ ತಗೋಬಾರದು.”

“ರೊಕ್ಕ ಬಿಟ್ರ ಪಾಪ ಬಿಡ್ತದೇನು?”

“ಬಿಡದಿದ್ರ ಇರ್ಲಿ. ನನ್ ಜೋಡಿ ಇರ್ಲಿ.”

ಮೇಡಂ, ಈ ತಿಂಗಳು ಆಫರ್, ನಿಮಗೆ ಪ್ಲಾನ್ ಫ್ರೀ ಎಂದು ಅವಳು ಉತ್ತರ ಕಳಿಸಿದಳು. ರಂಜನಿ ಕೈಮುಗಿಯುವ ಚಿತ್ರ ಮೂರು ಸಲ ಕಳಿಸಿದರು. ಪಾಪದ ಹೆಣ್ಣು, ಪುಕ್ಕಟೆ ಬಂದದ್ದಕ್ಕೆ ಎಷ್ಟು ಬೆಲೆ ಬೀಳುತ್ತದೆಂದು ಆಕೆಗೇನು ಗೊತ್ತು.

ಅಂಥ ಪ್ಲಾನನ್ನು ಮಹಾನಂದಾ ಅದುವರೆಗೆ ಯಾರಿಗೂ ಬರೆದಿರಲಿಲ್ಲ. ಬೆಳಗಿನ ಭಾಗವಂತೂ ಬೆಣ್ಣೆಯಲ್ಲಿ ಕೂದಲೆಳೆದಂತೆ. ಹತ್ತಕ್ಕೆ ಒಳಗೆ, ಎಡಕ್ಕೆ ತಿರುಗಿ, ಎಲ್ಲಿಯೂ ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲದೆ ಐದು ಆಟ. ಪ್ರತಿ ಆಟದ ಪಕ್ಕ ಟಾಯ್ಲೆಟ್ ಎಲ್ಲಿದೆ, ಎಷ್ಟು ಹೆಜ್ಜೆ ಎಂಬ ವಿವರ. ಒಣ ಆಟಗಳೆಲ್ಲ ಮೊದಲು, ನೀರಿನ ಆಟಗಳೆಲ್ಲ ಸಂಜೆಗೆ. ಮಧ್ಯಾಹ್ನದ ಹೊತ್ತಿಗೆ ದ್ವಾರಕಾನಾಥರ ಪ್ಯಾಂಟು ಒಣಗಿರಬೇಕಿತ್ತು, ಆಮೇಲೆ ಆಗುವ ಒದ್ದೆ ಎಲ್ಲರಿಗೂ ಎದ್ದು ಕಾಣಬೇಕಿತ್ತು. ಹನ್ನೆರಡಕ್ಕೆ ಊಟ. ‘ಬಿಸಿಲು ಜಾಸ್ತಿ, ಸಾರ್‌ಗೆ ಎರಡು ಲೋಟ ಮಜ್ಜಿಗೆ, ಒಂದು ಎಳನೀರು.’ ಆಮೇಲೆ ಒಂದೇ ಸಾಲು: ‘ಹನ್ನೆರಡೂ ಐವತ್ತಕ್ಕೆ ಸರಿಯಾಗಿ ಬಾನಗಂಬದ ಸಾಲು. ಎರಡು ನಿಮಿಷವೂ ತಡ ಮಾಡಬೇಡಿ.’

ಹನ್ನೆರಡೂವರೆಗೆ ಅಲೆಗಳ ಕೊಳವನ್ನು ತೊಳೆಯಲು ಮುಚ್ಚುತ್ತಾರೆ. ಅಲ್ಲಿದ್ದ ಜನವೆಲ್ಲ ಬಂದು ಬೀಳುವುದು ಬಾನಗಂಬಕ್ಕೆ. ಅದರ ಸಾಲು ಕಂಬಿಗಳ ನಡುವೆ ಹನ್ನೊಂದು ಸುತ್ತು ಸುತ್ತುತ್ತದೆ. ಮಕ್ಕಳು ನುಸುಳದಂತೆ ಕಂಬಿಗೆಲ್ಲ ಎದೆಮಟ್ಟ ಜಾಲರಿ. ಒಮ್ಮೆ ಒಳಗೆ ಹೊಕ್ಕವನು ಹಿಂದಕ್ಕೂ ಬರಲಾರ, ದಾಟಲೂ ಆರ. ನಡುವೆ ಒಂದು ತುರ್ತು ಬಾಗಿಲಿದೆ. ಅದರ ಚಿಲಕ ಹೊರಗಡೆ. ಆ ಭಾನುವಾರ ಅಲ್ಲಿ ನಿಲ್ಲುವ ಪಾಳಿಯನ್ನು ಮಹಾನಂದಾ ಕೇಳಿ ಹಾಕಿಸಿಕೊಂಡಳು.

ಬೇರೆ ಯಾವ ಗಿರಾಕಿಯಾದರೂ ಊಟವಾದ ಮೇಲೆ ಪ್ಲಾನು ಹಾಳಾಗಲಿ ಎಂದು ಟಾಯ್ಲೆಟ್ಟಿಗೆ ಹೋಗಿ ಬರುತ್ತಿದ್ದ. ದ್ವಾರಕಾನಾಥರು ಹೋಗುವವರಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಚಾರ್ಟಿನಲ್ಲಿ ಇಲ್ಲದ್ದು ಅವರ ಪಾಲಿಗೆ ಇಲ್ಲವೇ ಇಲ್ಲ. ಬೆಳಗಿನಿಂದ ಪ್ಲಾನು ನಿಮಿಷ ತಪ್ಪದೆ ನಡೆದಿದೆ ಎಂದಾದರೆ, ಆಮೇಲೆ ಅವರೇ ಅದರ ಸೂಪರ್‌ವೈಸರು. ಹಾಗೇ ಆಯಿತು. ಹನ್ನೆರಡೂ ನಲವತ್ತೆಂಟಕ್ಕೆ ಹೋಟೆಲಿನ ಕಡೆಯಿಂದ ಮೊದಲು ಬಂದದ್ದು ಅವರ ಧ್ವನಿ.

“ಬೇಗ ಬೇಗ! ಟೈಮ್ ನೋಡು ರಂಜನಿ. ಹನ್ನೆರಡೂ ಐವತ್ತು ಅಂತ ಕ್ಲಿಯರ್ ಆಗಿ ಹಾಕಿದಾರೆ.”

“ನೀವು ಹೋಗ್ಬಿಟ್ಟು ಬನ್ರೀ, ಆಮೇಲೆ…”

“ಇದಾದ್ಮೇಲೆ ಹೋಗ್ತೀನಿ. ಬೆಳಗ್ಗಿಂದ ಎಲ್ಲಾದ್ರೂ ಐದ್ನಿಮಿಷಕ್ಕಿಂತ ಜಾಸ್ತಿ ನಿಂತ್ವಾ?”

ಒಳಗೆ ಹೊಕ್ಕರು. ಹತ್ತು ನಿಮಿಷದಲ್ಲಿ ಅವರ ಹಿಂದೆ ಇನ್ನೂ ನೂರು ಜನ ತುಂಬಿಕೊಂಡರು. ಮಹಾನಂದಾ ಟೋಪಿಯನ್ನು ಹಣೆಗೆಳೆದುಕೊಂಡು ತುರ್ತು ಬಾಗಿಲ ಪಕ್ಕ ನಿಂತು ನೋಡಿದಳು. ಒಂದೂ ಹತ್ತಕ್ಕೆ ಅವರು ಎರಡನೇ ಸುತ್ತಿನಲ್ಲಿದ್ದರು, ಮಗಳ ಜೊತೆ ನಗುತ್ತಿದ್ದರು. ಒಂದೂ ಇಪ್ಪತ್ತೈದಕ್ಕೆ ನಗು ನಿಂತಿತ್ತು. ಒಂದೂ ನಲವತ್ತಕ್ಕೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಆ ಕಾಲು ಹೊಸೆಯುವುದು ಅವಳಿಗೆ ಚೆನ್ನಾಗಿ ಗೊತ್ತು. ಏಳು ವರ್ಷ ಅಕ್ಕಪಕ್ಕ ಅದನ್ನೇ ನೋಡಿದವಳು, ಮಾಡಿದವಳು. ಕರುಣೆ ಬರುತ್ತದೇನೋ ಎಂದು ಅವಳು ತನ್ನ ಎದೆಯನ್ನು ಕೇಳಿ ನೋಡಿದಳು. ಬರಲಿಲ್ಲ. ಸಂತೋಷ ಬಂತು. ಹಸಿದವಳಿಗೆ ಬಿಸಿ ಅನ್ನದ ವಾಸನೆ ಬಂದಂಥ ಸಂತೋಷ.

ಐದನೇ ಸುತ್ತಿನ ತಿರುವಿನಲ್ಲಿ ಅವರು ತುರ್ತು ಬಾಗಿಲಿಗೆ ಎದುರಾದರು. ಮುಖ ಬೆವರಿ ಬಿಳಚಿತ್ತು. ಜಾಲರಿಯನ್ನು ಎರಡೂ ಕೈಯಿಂದ ಹಿಡಿದರು.

“ಅಕ್ಕಾ, ಸ್ವಲ್ಪ ತೆಗೀರಿ. ಅರ್ಜೆಂಟು.”

“ಎಂಥಾ ಅರ್ಜೆಂಟ್ರಿ?”

“ಬಾತ್‌ರೂಮು. ಶುಗರ್ ಇದೆ ನಂಗೆ. ಆಗ್ತಿಲ್ಲ ಅಕ್ಕಾ, ಪ್ಲೀಸ್.”

ಎಂಟು ವರ್ಷ ಬಾಯಲ್ಲಿಟ್ಟುಕೊಂಡ ಮಾತನ್ನು ಅವಳು ಆತುರವಿಲ್ಲದೆ ಹೊರಗೆ ತೆಗೆದಳು. “ಮುಂದ ಗುಡ್ಡಿ ಬಿದ್ದೈತಿ, ಕಾಣಂಗಿಲ್ಲೇನ್ರಿ? ಅದು ಕ್ಲಿಯರ್ ಆಗ್ಲಿ. ಮೂರು ನಿಮಿಷ ತಡಕೊಳ್ಳಾಕ ಆಗಂಗಿಲ್ಲ?”

ದ್ವಾರಕಾನಾಥರು ಟೋಪಿಯ ಕೆಳಗಿನ ಮುಖವನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಕಣ್ಣು ಸಣ್ಣದಾಯಿತು. ಗುರುತು ಸಿಕ್ಕಿತ್ತು. ಇನ್ನೊಂದೇ ನಿಮಿಷ ತಡೆದಿದ್ದರೆ ಅವಳಿಗೆ ಬೇಕಾದದ್ದು ಅಲ್ಲೇ, ಅವಳ ಕಣ್ಣೆದುರಿಗೇ ಆಗುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಬೇಡಿಕೊಳ್ಳುತ್ತಿದ್ದ ಬಾಯಿಂದ ಹಳೆಯ ಗುಡುಗು ಹೊರಬಿತ್ತು.

“ಏಯ್ ಕಾಲರ್! ತೆಗಿ ಬಾಗ್ಲು!”

ಚಿಲಕ ಸರಿದ ಸದ್ದಾಯಿತು. ಸರಿಸಿದ್ದು ಮಹಾನಂದಾಳ ಕೈ. ಅವಳನ್ನು ಕೇಳದೆ, ಅವಳಿಗೆ ಹೇಳದೆ, ಕೋಲೆ ಬಸವನ ತಲೆಯಂತೆ ಆ ಬಲಗೈ ತಾನಾಗಿಯೇ ಆಡಿಬಿಟ್ಟಿತ್ತು. ಅವಳಿಗೆ ಗೊತ್ತಾಗುವಷ್ಟರಲ್ಲಿ ದ್ವಾರಕಾನಾಥರು ಬಾಗಿಲು ದೂಡಿ, ಹೊಟ್ಟೆ ಹಿಡಿದುಕೊಂಡು, ಟಾಯ್ಲೆಟ್ಟಿನ ಕಡೆ ಓಡುತ್ತಿದ್ದರು.

ಅವಳು ತನ್ನ ಕೈಯನ್ನು ನೋಡಿಕೊಂಡಳು. ಆ ಮನುಷ್ಯನ ಮೇಲೆ ಎಂಟು ವರ್ಷದಲ್ಲಿ ಬಾರದಷ್ಟು ಸಿಟ್ಟು ಆ ಕೈಯ ಮೇಲೆ ಬಂತು. ಕೆಲಸ ಬಿಟ್ಟೆ, ಆ ಬೀದಿ ಬಿಟ್ಟೆ, ಬೇರೆ ಅನ್ನ ಹುಡುಕಿಕೊಂಡೆ, ಇನ್ನು ಯಾರ ಆಳೂ ಅಲ್ಲ ಎಂದುಕೊಂಡಿದ್ದಳಲ್ಲ, ಕೈ ಮಾತ್ರ ಇನ್ನೂ ಮೂರನೇ ಲೈನಿನಲ್ಲೇ ಕೂತಿತ್ತು. ಒಂದು ಕೂಗಿಗೆ ಎದ್ದು ನಿಂತಿತ್ತು. ಅದನ್ನು ಕಂಬಿಗೆ ಬಡಿಯಬೇಕು ಎನಿಸಿತು. ಬಡಿಯಲಿಲ್ಲ. ಬಾಗಿಲು ಎಳೆದು ಚಿಲಕ ಹಾಕಿದಳು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ನಿಂತಳು.

ಆರು ನಿಮಿಷಕ್ಕೆ ದ್ವಾರಕಾನಾಥರು ಬಂದರು. ಮುಖ ತೊಳೆದಿದ್ದರು, ತಲೆ ಬಾಚಿದ್ದರು. ಬಟ್ಟೆ ಒಣಗಿಯೇ ಇತ್ತು. ನಡಿಗೆಯಲ್ಲಿ ಮ್ಯಾನೇಜರು ವಾಪಸು ಬಂದಿದ್ದರು.

“ತೆಗಿ.”

“ಹೊರಗ ಹೋದವರು ಸಾಲಿನ ಬಾಲದಿಂದ ಬರಬೇಕ್ರಿ. ಬೋರ್ಡ್ ಐತಿ ನೋಡ್ರಿ.”

“ಫ್ಯಾಮಿಲಿ ಒಳಗಿದೆ ನಂದು.”

“ಎಲ್ಲಾರದೂ ಇರತೈತ್ರಿ.”

“ಏಯ್ ಕಾಲರ್, ತಮಾಷೆ ಮಾಡ್ತಿದೀಯಾ? ತೆಗಿ ಅಂದ್ರೆ ತೆಗೀಬೇಕು!”

ಬಲಗೈ ಮತ್ತೆ ಚಿಲಕದ ಕಡೆ ಹೊರಟಿತು. ಎಡಗೈ ಬಿಡಲಿಲ್ಲ. ಉಗುರು ಚರ್ಮಕ್ಕೆ ಊರಿತು. ಅದರ ಎಳೆತ ನಿಂತ ಮೇಲೆ ಅವಳು ಟೋಪಿ ತೆಗೆದು ಕಂಬಿಗೆ ಸಿಗಿಸಿದಳು.

ಒಳಗಿನಿಂದ ರಂಜನಿ ಜಾಲರಿಗೆ ಮುಖ ತಂದರು. “ಮೇಡಂ, ಅವ್ರು ನಮ್ಮವರೇ. ಹುಷಾರಿಲ್ಲ ಅವ್ರಿಗೆ, ಬಿಟ್ಬಿಡಿ ಪ್ಲೀಸ್.”

“ಗೊತ್ತೈತ್ರಿ ಅಕ್ಕಾರ. ನಿಮಗ ಪ್ಲಾನ್ ಬರದಾಕಿ ನಾನ.” ಮಹಾನಂದಾ ಆಕೆಯ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದಳು. “ನಿಮಗ ಮೋಸ ಮಾಡೀನಿ. ಬೇಕಂತ ಇವರನ್ನ ಇಲ್ಲಿ ತಂದು ನಿಲ್ಲಿಸೀನಿ. ಯಾಕಂತ ಕೇಳ್ರಿ.”

ಆಮೇಲೆ ಅವಳು ಹೇಳಿದಳು. ಬಸಲಿಂಗನಿಗೂ ಹೇಳದೆ ಇದ್ದದ್ದನ್ನು, ಮುನ್ನೂರು ಜನರ ಸಾಲಿಗೆ ಕೇಳುವಂತೆ ಹೇಳಿದಳು. ಎರಡು ಟೋಕನ್ನು, ಅರವತ್ತು ಹೆಂಗಸರು, ಹನ್ನೊಂದು ಗಂಟೆ, ಹನ್ನೊಂದೂವರೆ, ಹನ್ನೆರಡು, ಸ್ಟೂಲು. ‘ಪೀಸಿಗೆ ಕಲೆ ಆಗಿದ್ಯಾ ನೋಡ್ರೋ’ ಎಂದದ್ದನ್ನು ದ್ವಾರಕಾನಾಥರ ಧ್ವನಿಯಲ್ಲೇ ಹೇಳಿದಳು.

ಯಾವುದೋ ಕಾರ್ಖಾನೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದ ಒಂದೇ ಬಣ್ಣದ ಟೀ ಶರ್ಟಿನ ಹೆಂಗಸರು ಹತ್ತಿಪ್ಪತ್ತು ಮಂದಿ ಸಾಲಿನಲ್ಲಿದ್ದರು. ಅವರಲ್ಲಿ ಒಬ್ಬಳು, “ನಮ್ಮಲ್ಲಿ ಇವತ್ತಿಗೂ ಅಂಗೇಯ ಕಣಕ್ಕೋ,” ಎಂದಳು. ಇನ್ನೊಬ್ಬಳು ದ್ವಾರಕಾನಾಥರ ಕಡೆ ನೋಡಿ ಥೂ ಎಂದು ನೆಲಕ್ಕೆ ಉಗಿದಳು.

“ಹೌದೇನ್ರೀ?” ಎಂದರು ರಂಜನಿ.

“ಅದು… ಯಾವ್ದೋ ಕಾಲದ್ದು. ಶಿಪ್‌ಮೆಂಟ್ ಇತ್ತು ಅವತ್ತು. ಮೇಲಿಂದ ಪ್ರೆಶರ್ರು.”

“ಹೌದಾ ಅಲ್ವಾ ಅಂತ ಕೇಳ್ದೆ.”

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ದ್ವಾರಕಾನಾಥರು ಆ ಕಡೆ ನೋಡಲಾರದೆ ಈ ಕಡೆ ತಿರುಗಿದರು. ಧ್ವನಿ ತಗ್ಗಿತ್ತು, ಗುಡುಗು ಎಲ್ಲೋ ಹೋಗಿತ್ತು.

“ಆಯ್ತು. ಏನ್ ಬೇಕು ನಿಂಗೆ? ಹೇಳ್ಬಿಡು.”

“ನನ್ ಹೆಸರೇನ್ರಿ?”

ಏಳು ವರ್ಷ ಅವರು ಅವಳನ್ನು ದಿನಕ್ಕೆ ಇಪ್ಪತ್ತು ಸಲ ಕರೆದಿದ್ದರು, ಹೆಸರು ಮಾತ್ರ ಗೊತ್ತಿರಲಿಲ್ಲ.

“ಗೊತ್ತಿಲ್ದಿದ್ರ ಕೇಳ್ರಿ. ನಿಮ್ಮ ಹೆಸರೇನ್ರಿ ಅಂತ ಕೇಳ್ರಿ.”

ಮೇಲೆ ಬಾನಗಂಬ ಹದಿನಾರು ಜನರನ್ನು ಕೈಬಿಟ್ಟಿತು, ಅವರೆಲ್ಲ ಕಿರಿಚಿದರು. ಆ ಕಿರಿಚಾಟ ಮುಗಿಯುವ ತನಕ ದ್ವಾರಕಾನಾಥರು ಕಾದರು. ಆಮೇಲೆ ನೆಲ ನೋಡುತ್ತ ಕೇಳಿದರು.

“ನಿಮ್ಮ ಹೆಸರೇನು?”

“ಮಹಾನಂದಾ.”

“ಮಹಾನಂದಾ ಅವ್ರೇ,” ಎಂದರು. “ತಪ್ಪಾಯ್ತು. ಈಗಾದ್ರೂ ಬಾಗ್ಲು ತೆಗೀರಿ.”

ಆ ಮಾತು ಕಿವಿಗೆ ಬಿದ್ದಾಗ ಏನೋ ಕರಗಬಹುದು, ಎದೆಯ ಕ್ಲೇಶ ಇಳಿದು ಹೋಗಬಹುದು ಎಂದು ಎಂಟು ವರ್ಷ ಅಂದುಕೊಂಡಿದ್ದಳು. ಅಂಥದ್ದೇನೂ ಆಗಲಿಲ್ಲ. ಬಾಗಿಲು ಬೇಕಾಗಿ ಆಡಿದ ಮಾತು ಅದು, ಅವಳಿಗೆ ಅಷ್ಟು ತಿಳಿಯುತ್ತಿತ್ತು. ಅವಳು ಎಡಗೈಯ ಹಿಡಿತ ಬಿಟ್ಟಳು. ಬಲಗೈಯಲ್ಲಿ ನಾಲ್ಕು ಉಗುರಿನ ಗುರುತು ಕೆಂಪಗೆ ಕಾಣುತ್ತಿತ್ತು. ಆ ಕೈಯನ್ನು ಚಿಲಕದ ಮೇಲೆ ಇಟ್ಟಳು, ಅದು ಅಲ್ಲೇ ಸುಮ್ಮನೆ ಇತ್ತು.

“ಬಾಲ ಅಲ್ಲೈತ್ರಿ, ಐಸ್‌ಕ್ರೀಮ್ ಅಂಗಡಿ ಹತ್ರ,” ಎಂದಳು. “ಹೋಗಿ ನಿಲ್ರಿ.”